ಎಕ್ಸ್‌ರೇ ನೋಡಿ "ಗ್ರೀಸ್ ಮುಗಿದಿದೆ" ಎಂದರು: ಮೊಣಕಾಲು ನಿಜಕ್ಕೂ ಸವೆಯುತ್ತದೆಯೇ?

ಚಿತ್ತಾಪುರದವನು | ಭಾನುವಾರ, ರಾತ್ರಿ 8:10

ನನ್ನ ಅವ್ವನಿಗೆ ಐವತ್ತೆಂಟು ವರ್ಷ. ಮೂವತ್ತು ವರ್ಷ ತೊಗರಿ ಹೊಲದಲ್ಲಿ ಕಳೆ ತೆಗೆದವಳು, ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ರೊಟ್ಟಿ ತಟ್ಟಿದವಳು. ದೀಪಾವಳಿಯಿಂದೀಚೆಗೆ ಬಲ ಮೊಣಕಾಲು ಹಿಡಿದುಕೊಂಡಿದೆ. ಕಲಬುರಗಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು, "ಗ್ಯಾಪ್ ಕಡಿಮೆಯಾಗಿದೆ, ಗ್ರೀಸ್ ಮುಗಿದಿದೆ" ಎಂದು ಎರಡೇ ಮಾತಿನಲ್ಲಿ ಮುಗಿಸಿ, ಹಾಲಿಗೆ ಹಾಕಿ ಕುಡಿಯುವ ಒಂದು ಡಬ್ಬಿ ಪುಡಿ ಬರೆದುಕೊಟ್ಟರು. ಮನೆಗೆ ಬಂದ ಮೇಲೆ ನಮ್ಮ ಕಾಕಾ, "ಇನ್ನು ನಡೆಯಬೇಡ, ಉಳಿದಷ್ಟನ್ನಾದರೂ ಉಳಿಸಿಕೋ" ಎಂದರು. ಅಂದಿನಿಂದ ಅವ್ವ ಮಂಚದಿಂದ ಇಳಿಯುವುದೇ ಅಪರೂಪ.

ನಾನು ಬೈಕ್ ಮೆಕ್ಯಾನಿಕ್. ಬೇರಿಂಗ್ ಸವೆದರೆ ಏನು ಮಾಡಬೇಕೆಂದು ನನಗೆ ಗೊತ್ತಿದೆ. ಆದರೆ ಮಗಳ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೃದ್ವಸ್ಥಿಯ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಇರುವ ಪದರದ, ಚಿತ್ರವಿದೆ. ಅದರೊಳಗೆ ಗುಳಿಗುಳಿಯಲ್ಲಿ ಕೋಶಗಳು ಕುಳಿತಿವೆ. ಬೇರಿಂಗಿನಲ್ಲಿ ಕೋಶ ಇರುವುದಿಲ್ಲ. ಜೀವವಿರುವ ವಸ್ತು ತನ್ನ ಮೇಲೆ ಭಾರ ಬಿದ್ದರೆ ಸುಮ್ಮನಿರುತ್ತದೆಯೇ? ಇದು ತಿಳಿದವರು ಹೇಳಿ.

ಶಹಾಬಾದ್ ಫರಸಿ | ರಾತ್ರಿ 8:34

ಸವೆಯದೆ ಏನಾಗುತ್ತದೆ ತಮ್ಮಾ? ಕಲ್ಲುಗಣಿಯಲ್ಲಿ ಇಪ್ಪತ್ತಾರು ವರ್ಷ ಮೇಸ್ತ್ರಿಯಾಗಿದ್ದವನು ನಾನು. ಫರಸಿ ಎಬ್ಬಿಸುವವರು, ಹೊರುವವರು ನಲವತ್ತೈದಕ್ಕೆಲ್ಲ ಮೊಣಕಾಲು ಹಿಡಿದುಕೊಂಡು ಕೂರುವುದನ್ನು ಕಣ್ಣಾರೆ ಕಂಡಿದ್ದೇನೆ. ಹೊಸ್ತಿಲ ಕಲ್ಲೇ ತುಳಿದು ತುಳಿದು ನಡುವೆ ತಗ್ಗು ಬೀಳುತ್ತದೆ, ಇನ್ನು ಕಾಲು ಯಾವ ಲೆಕ್ಕ? ನಿಮ್ಮ ಕಾಕಾ ಹೇಳಿದ್ದೇ ಸರಿ.

ಕೋಶಪಾಠ | ರಾತ್ರಿ 9:47

ಕಲಬುರಗಿಯಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುತ್ತೇನೆ. ರೋಗಿಗಳನ್ನು ನೋಡುವವಳಲ್ಲ, ಆದ್ದರಿಂದ ಅವ್ವನ ಚಿಕಿತ್ಸೆಯ ಬಗ್ಗೆ ನಾನು ಮಾತನಾಡುವುದಿಲ್ಲ. ಕೋಶದ ಬಗ್ಗೆ ಕೇಳಿದ್ದೀರಿ, ಅದನ್ನು ಹೇಳುತ್ತೇನೆ.

ಫರಸಿ ಅಣ್ಣನವರೇ, ನಿಮ್ಮ ಹೊಸ್ತಿಲ ಕಲ್ಲನ್ನೇ ತೆಗೆದುಕೊಳ್ಳೋಣ. ಅದನ್ನು ಹತ್ತು ವರ್ಷ ಯಾರೂ ತುಳಿಯದಿದ್ದರೆ ಇದ್ದ ಹಾಗೆಯೇ ಇರುತ್ತದೆ. ಮೊಣಕಾಲಿನ ಮೃದ್ವಸ್ಥಿ ಹಾಗಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಚಲನೆ ಕಳೆದುಕೊಂಡವರನ್ನು ಎಂಆರ್‌ಐನಲ್ಲಿ ನೋಡಿದಾಗ, ಕೆಲವೇ ತಿಂಗಳುಗಳಲ್ಲಿ ಅವರ ಮೊಣಕಾಲಿನ ಮೃದ್ವಸ್ಥಿ ತೆಳ್ಳಗಾಗಿದ್ದು ಕಂಡುಬಂದಿದೆ. ಒಂದು ಹೆಜ್ಜೆಯನ್ನೂ ಇಡದ ಮೊಣಕಾಲು! ತಿಕ್ಕಾಟವೊಂದರಿಂದಲೇ ಸವೆಯುವುದಾಗಿದ್ದರೆ ಅದು ಹೊಸದರಂತೆ ಇರಬೇಕಿತ್ತು.

ಮೃದ್ವಸ್ಥಿ ಎಂದರೆ ಮೂಳೆಯ ತುದಿಗೆ ಅಂಟಿಕೊಂಡಿರುವ, ಮೊಣಕಾಲಿನಲ್ಲಿ ಹೆಚ್ಚಿನ ಕಡೆ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ, ಹಾಲುಬಣ್ಣದ ಪದರ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಉಳಿದದ್ದರಲ್ಲಿ ಎರಡು ಮುಖ್ಯ ವಸ್ತುಗಳಿವೆ. ಒಂದು, ಕೊಲಾಜನ್ ಎಂಬ ನಾರಿನ ಬಲೆ. ಇನ್ನೊಂದು, ಆ ಬಲೆಯೊಳಗೆ ಸಿಕ್ಕಿಕೊಂಡಿರುವ ಅಗ್ರಿಕ್ಯಾನ್ ಎಂಬ ದೈತ್ಯ ಅಣು. ಅಗ್ರಿಕ್ಯಾನಿನ ಮೈತುಂಬ ಋಣ ವಿದ್ಯುದಂಶ ಇರುವುದರಿಂದ ಅದು ಸೋಡಿಯಂ ಅಯಾನುಗಳನ್ನು ಸೆಳೆಯುತ್ತದೆ, ಸೋಡಿಯಂ ಹಿಂದೆ ನೀರು ಬರುತ್ತದೆ. ನೀರು ಕುಡಿದ ಅಗ್ರಿಕ್ಯಾನ್ ಉಬ್ಬಲು ಹವಣಿಸುತ್ತದೆ, ಕೊಲಾಜನ್ ಬಲೆ ಉಬ್ಬಗೊಡುವುದಿಲ್ಲ. ಗೋಣಿಚೀಲಕ್ಕೆ ತೊಗರಿಯನ್ನು ಗಿಡಿದು ತುಂಬಿ ಬಾಯಿ ಹೊಲಿದರೆ ಚೀಲ ಹೇಗೆ ಕಂಬದಂತೆ ನಿಲ್ಲುತ್ತದೆಯೋ ಹಾಗೆ. ಕಾಳು ಹೊರಕ್ಕೆ ನೂಕುತ್ತದೆ, ಗೋಣಿ ಒಳಕ್ಕೆ ಹಿಡಿಯುತ್ತದೆ, ಎರಡರ ಜಗಳದಲ್ಲಿ ಬಿಗಿ ಬರುತ್ತದೆ.

ಇಷ್ಟನ್ನೂ ಕಟ್ಟಿದ್ದು, ನೋಡಿಕೊಳ್ಳುತ್ತಿರುವುದು ಆ ಗುಳಿಗಳಲ್ಲಿರುವ ಕೋಶಗಳು. ಅವುಗಳ ಹೆಸರು ಕಾಂಡ್ರೊಸೈಟ್. ದೊಡ್ಡವರಲ್ಲಿ ಅವು ಮೃದ್ವಸ್ಥಿಯ ಗಾತ್ರದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಹೆಚ್ಚಿನವು ಒಂಟಿ, ಪಕ್ಕದ ಕೋಶದ ಸ್ಪರ್ಶವೂ ಇಲ್ಲ. ರಕ್ತ ಬರುವುದಿಲ್ಲವಾದ್ದರಿಂದ ಅನ್ನ, ಆಮ್ಲಜನಕ ಎಲ್ಲವೂ ಕೀಲಿನ ರಸದಿಂದ ಬಲೆಯ ಸಂದುಗಳ ಮೂಲಕ ತೊಟ್ಟುತೊಟ್ಟಾಗಿ ಬರಬೇಕು.

ಕಾಗಿಣಾ ಹೊಳೆಯಲ್ಲಿ ಕೌದಿ ಒಗೆಯುವುದನ್ನು ಚಿತ್ತಾಪುರದವರಿಗೆ ನಾನು ವರ್ಣಿಸಬೇಕಾಗಿಲ್ಲ. ನೆನೆದ ಕೌದಿಯನ್ನು ಬಂಡೆಯ ಮೇಲೆ ಹಾಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹೆಂಗಸರು ಅದರ ಮೇಲೆ ತುಳಿಯುತ್ತಾರೆ. ಹಿಮ್ಮಡಿ ಊರಿದಾಗ ಸುತ್ತಲೂ ನೀರು ಬುಳಕ್ಕೆಂದು ಹೊರಬರುತ್ತದೆ, ಎತ್ತಿದಾಗ ಸುತ್ತಲಿನ ನೀರು ಮತ್ತೆ ಒಳಗೆ ಸೇರುತ್ತದೆ. ನೀವು ಹೆಜ್ಜೆ ಇಟ್ಟಾಗ ಮೊಣಕಾಲಿನಲ್ಲಿ ಆಗುವುದು ಇದೇ, ಆದರೆ ತೀರಾ ನಿಧಾನವಾಗಿ. ಬಲೆಯ ಸಂದುಗಳು ಎಷ್ಟು ಕಿರಿದೆಂದರೆ ಒಂದು ಹೆಜ್ಜೆಯ ಹೊತ್ತಿನಲ್ಲಿ ನೀರು ಓಡಿಹೋಗಲಾರದು. ಸಿಕ್ಕಿಹಾಕಿಕೊಂಡ ಆ ನೀರೇ ಭಾರದ ಬಹುಪಾಲನ್ನು ಹೊರುತ್ತದೆ. ನಾರಿಗೆ ಬೀಳುವುದು ಸ್ವಲ್ಪವೇ.

ಬಿಟ್ಟೂಬಿಡದೆ ಒತ್ತಿ ಹಿಡಿದರೆ ಕಥೆ ಬದಲಾಗುತ್ತದೆ. ನೀರು ಮೆಲ್ಲಗೆ ಜಾರಿಹೋಗುತ್ತದೆ, ಭಾರ ನಾರಿನ ಮೇಲೂ ಕೋಶದ ಮೇಲೂ ಕೂರುತ್ತದೆ.

ಕೋಶ ಈ ಎರಡರ ವ್ಯತ್ಯಾಸವನ್ನು ಬಲ್ಲದು. 1989ರಲ್ಲಿ ಅಮೆರಿಕದ ಎಂಐಟಿಯ ತಂಡವೊಂದು ಕರುವಿನ ಮೊಣಕಾಲಿನಿಂದ ತೆಗೆದ ಮೃದ್ವಸ್ಥಿಯ ಬಿಲ್ಲೆಗಳನ್ನು ಒತ್ತಿ ನೋಡಿತು. ಒಂದೇ ಸಮನೆ ಒತ್ತಿಟ್ಟ ಬಿಲ್ಲೆಗಳಲ್ಲಿ ಹೊಸ ಅಗ್ರಿಕ್ಯಾನ್ ತಯಾರಿ ಕುಗ್ಗಿತು. ಒತ್ತಿ, ಬಿಟ್ಟು, ಸೆಕೆಂಡಿಗೊಮ್ಮೆ ಹಗುರವಾಗಿ ಮಿಡಿಸಿದ ಬಿಲ್ಲೆಗಳಲ್ಲಿ ತಯಾರಿ ನೂರಕ್ಕೆ 20ರಿಂದ 40ರಷ್ಟು ಏರಿತು. ನಾವು ನಡೆಯುವಾಗ ಒಂದು ಕಾಲು ಊರುವುದು ಸರಿಸುಮಾರು ಸೆಕೆಂಡಿಗೊಮ್ಮೆ ಎಂಬುದನ್ನು ಗಮನಿಸಿ.

ನಸುಕಿನ ಓಟ | ರಾತ್ರಿ 10:05

ಮೇಡಂ, ನಾನು ದಿನಾ ಬೆಳಗ್ಗೆ ಅಪ್ಪನ ಕೆರೆಯ ಬಳಿ ಆರು ಕಿಲೋಮೀಟರ್ ಓಡುತ್ತೇನೆ. ಕಚೇರಿಯಲ್ಲಿ ಎಲ್ಲರೂ "ಐವತ್ತಕ್ಕೆ ಮೊಣಕಾಲು ಬದಲಾಯಿಸಬೇಕಾಗುತ್ತದೆ ನೋಡು" ಎನ್ನುತ್ತಾರೆ. ಓಟ ಮಿಡಿತವೋ, ಹೊಡೆತವೋ?

ಕೋಶಪಾಠ | ರಾತ್ರಿ 10:21

ಹಿತಮಿತವಾದ ಓಟ ಮಿಡಿತವೇ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಅಥವಾ ಮೊಣಕಾಲಿನ ಅಸ್ಥಿಸಂಧಿವಾತ (ಮೃದ್ವಸ್ಥಿ ಹಾಳಾಗಿ ಕೀಲು ನೋಯುವ ಕಾಯಿಲೆ) ಇದ್ದದ್ದು ನೂರಕ್ಕೆ 3.5 ಮಂದಿಗೆ. ಓಡದವರಲ್ಲಿ 10.2, ಸ್ಪರ್ಧೆಗಾಗಿ ಓಡುವವರಲ್ಲಿ 13.3. ಮೊಣಕಾಲು ನೋಯುವವರು ಓಟವನ್ನೇ ಬಿಟ್ಟಿರುತ್ತಾರಾದ್ದರಿಂದ ಈ ಅಂಕಿಗಳನ್ನು ತುಸು ಹುಷಾರಾಗಿ ಓದಬೇಕು. ಆದರೂ ನಿಮ್ಮ ಕಚೇರಿಯವರ ಭವಿಷ್ಯವಾಣಿಗೆ ಇದರಲ್ಲಿ ಆಧಾರವಿಲ್ಲ.

ಬಿದರಿ ಕುಸುರಿ | ಸೋಮವಾರ, ಬೆಳಗ್ಗೆ 7:15

ಬೀದರ್‌ನಿಂದ ನಮಸ್ಕಾರ. ನಮ್ಮದು ನೆಲದ ಮೇಲೆ ಕುಳಿತು ಮಾಡುವ ಕೆಲಸ. ಒಂದು ಮೊಣಕಾಲು ಮಡಚಿ, ಹೂದಾನಿಯನ್ನು ಪಾದದಿಂದ ಒತ್ತಿ ಹಿಡಿದುಕೊಂಡು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಬೇಕು. ಹಗುರವಾಗಿ ಟಕಟಕ ಬಡಿದರೆ ತಂತಿ ಗೆರೆಯೊಳಗೆ ಇಳಿದು ಕೂರುತ್ತದೆ. ಅವಸರಕ್ಕೆ ಒಂದು ಜೋರು ಏಟು ಹಾಕಿದರೆ ಚಪ್ಪಟೆಯಾಗಿ ಹೊರಗೆ ಹರಡುತ್ತದೆ, ಎರಡು ದಿನದ ಕೊರೆತ ಹಾಳು. ಕೋಶವೂ ನಮ್ಮ ಹಾಗೆಯೇ ಏಟಿನ ಭಾಷೆ ಬಲ್ಲದು ಎಂದು ಮೇಡಂ ಬರೆದದ್ದನ್ನು ಓದಿ ಖುಷಿಯಾಯಿತು. ಆದರೆ ಒಂದು ಸಂಶಯ. ನರವೇ ಇಲ್ಲ ಎನ್ನುತ್ತೀರಿ. ನರ ಇಲ್ಲದ ಜಾಗದಲ್ಲಿ ಮೆಲ್ಲಗಿನ ಏಟು ಯಾವುದು, ಜೋರಾದ ಏಟು ಯಾವುದು ಎಂದು ಗೊತ್ತಾಗುವುದು ಹೇಗೆ?

ಕೋಶಪಾಠ | ಸೋಮವಾರ, ಮಧ್ಯಾಹ್ನ 1:40

ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ವರ್ಷಗಳೇನೂ ಆಗಿಲ್ಲ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಿ.

ಪ್ರತಿ ಕಾಂಡ್ರೊಸೈಟಿನ ಸುತ್ತ ಬೇರೆ ಬಗೆಯ ಕೊಲಾಜನ್ ಸೇರಿದ ತೆಳುವಾದ ಒಂದು ಕವಚವಿದೆ. ಹೊರಗಿನ ಒತ್ತಡ ಆ ಕವಚದ ಮೂಲಕ ಹಾದು ಕೋಶಕ್ಕೆ ಮುಟ್ಟುತ್ತದೆ. ಕೋಶಪೊರೆಯಲ್ಲಿ ಇಂಟಿಗ್ರಿನ್ ಎಂಬ ಕೊಂಡಿಗಳಿವೆ, ಒಂದು ತುದಿ ಹೊರಗಿನ ನಾರಿಗೆ, ಇನ್ನೊಂದು ಕೋಶದ ಒಳಗಿನ ಹಂದರಕ್ಕೆ. ಕೂದಲೆಳೆಯಂತಹ ಒಂದೇ ಒಂದು ಸಿಲಿಯಂ ಕೂಡ ಹೊರಕ್ಕೆ ಚಾಚಿಕೊಂಡಿರುತ್ತದೆ, ಅದೂ ಬಾಗಿ ಸುದ್ದಿ ಕೊಡುತ್ತದೆ. ಆದರೆ ನನ್ನನ್ನು ಬೆರಗುಗೊಳಿಸುವುದು ಪೊರೆಯಲ್ಲಿರುವ ಬಾಗಿಲುಗಳು.

ಒಂದು ಬಾಗಿಲಿನ ಹೆಸರು ಟಿಆರ್‌ಪಿವಿ4. ದಿನನಿತ್ಯದ, ಹಿತಮಿತದ ಒತ್ತಡ ಬಂದಾಗ ಮತ್ತು ಅದರಿಂದ ಸುತ್ತಲಿನ ಉಪ್ಪು-ನೀರಿನ ಹದ ಬದಲಾದಾಗ ಇದು ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಒಳಗೆ ಬರುತ್ತದೆ, ಅದು ಕಟ್ಟುವ ಜೀನ್‌ಗಳಿಗೆ ಸುದ್ದಿ, ಅಗ್ರಿಕ್ಯಾನ್ ತಯಾರಿ ಏರುತ್ತದೆ. ಇನ್ನೆರಡು ಬಾಗಿಲುಗಳು ಪೀಜೋ1, ಪೀಜೋ2. ಗ್ರೀಕ್ ಭಾಷೆಯಲ್ಲಿ ಒತ್ತು ಎಂಬರ್ಥದ ಮಾತಿನಿಂದ ಬಂದ ಹೆಸರು. ಆರ್ಡೆಮ್ ಪಟಪೌಟಿಯನ್ ಅವರ ಪ್ರಯೋಗಾಲಯ ಇವುಗಳನ್ನು 2010ರಲ್ಲಿ ಕಂಡುಹಿಡಿಯಿತು. ಅವರು ಕಂಡುಹಿಡಿದ ಬಗೆ ಬಿದರಿ ಕೆಲಸದವರಿಗೆ ಇಷ್ಟವಾದೀತು: ಸೂಜಿಗಿಂತ ಸಣ್ಣ ಗಾಜಿನ ತುದಿಯಿಂದ ಕೋಶವನ್ನು ಮೆಲ್ಲಗೆ ತಿವಿಯುತ್ತ, ಒಂದೊಂದೇ ಜೀನನ್ನು ಬಾಯಿ ಮುಚ್ಚಿಸುತ್ತ, ಯಾವುದನ್ನು ಮುಚ್ಚಿದಾಗ ಕೋಶ ತಿವಿತಕ್ಕೆ ಓಗೊಡುವುದಿಲ್ಲ ಎಂದು ಕಾಯುತ್ತ ಕುಳಿತರು. 2021ರ ವೈದ್ಯಕೀಯ ನೊಬೆಲ್ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ ಸಿಕ್ಕಿತು.

2014ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ, ಹಂದಿಯ ಮೃದ್ವಸ್ಥಿ ಕೋಶಗಳನ್ನು ಜೋರಾಗಿ ಅದುಮಿದಾಗ ಈ ಎರಡು ಪೀಜೋಗಳು ಜೊತೆಗೂಡಿ ತೆರೆದುಕೊಳ್ಳುತ್ತವೆ ಎಂದು ತೋರಿಸಿತು. ಆಗ ಕ್ಯಾಲ್ಸಿಯಂ ತೊಟ್ಟಿಕ್ಕುವುದಿಲ್ಲ, ಕಟ್ಟೆಯೊಡೆದಂತೆ ನುಗ್ಗುತ್ತದೆ, ಕೋಶ ಸಾಯುವ ಹಾದಿ ಹಿಡಿಯುತ್ತದೆ. ಟರಾಂಟುಲಾ ಜೇಡದ ವಿಷದಲ್ಲಿರುವ ಒಂದು ಸಣ್ಣ ಪ್ರೋಟೀನ್ ತುಣುಕಿನಿಂದ ಪೀಜೋ ಬಾಗಿಲನ್ನು ಅಡ್ಡಗಟ್ಟಿದಾಗ ಪೆಟ್ಟು ತಿಂದ ಮೃದ್ವಸ್ಥಿಯಲ್ಲಿ ಸಾಯುವ ಕೋಶಗಳ ಸಂಖ್ಯೆ ತಗ್ಗಿತು. (ಜೇಡದ ವಿಷದ ಔಷಧಿ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳಬೇಡಿ. ಅದು ಗಾಜಿನ ತಟ್ಟೆಯಲ್ಲಿ ಮಾಡಿದ ಪ್ರಯೋಗ.)

ಹೀಗೆ, ಮೆಲ್ಲಗಿನ ಏಟಿಗೆ ಒಂದು ಬಾಗಿಲು, ಜೋರು ಏಟಿಗೆ ಇನ್ನೊಂದು. ನರ ಬೇಕಾಗಿಲ್ಲ.

ಚಿತ್ತಾಪುರದವರು ಸವೆತದ ಬಗ್ಗೆ ಕೇಳಿದ್ದರಲ್ಲ, ಅದರ ತಿರುಳು ಇಲ್ಲಿದೆ. ಪೆಟ್ಟು, ಉರಿಯೂತ, ಹೊತ್ತುಗಟ್ಟಲೆ ತಪ್ಪು ಬಗೆಯ ಒತ್ತಡ ಇವೆಲ್ಲ ಸೇರಿದಾಗ ಕೋಶ ಕಟ್ಟುವ ಕೆಲಸ ಬಿಟ್ಟು ಕೆಡವುವ ಕೆಲಸಕ್ಕೆ ತಿರುಗುತ್ತದೆ. ಎಂಎಂಪಿ-13 ಎಂಬ ಕಿಣ್ವವನ್ನು ಬಿಡುತ್ತದೆ, ಅದು ಕೊಲಾಜನ್ ನಾರನ್ನು ಕತ್ತರಿಸುತ್ತದೆ. ಅಡಾಮ್‌ಟಿಎಸ್-5 ಎಂಬ ಇನ್ನೊಂದು ಅಗ್ರಿಕ್ಯಾನನ್ನು ಕತ್ತರಿಸುತ್ತದೆ. ಒಂದಕ್ಕೊಂದು ಉಜ್ಜಿ ಪುಡಿಯಾಗುವುದು ಕೊನೆಯ ಹಂತದ ಮಾತು. ಅದಕ್ಕೂ ಮೊದಲೇ ಗೋಣಿಯನ್ನು ಕಾಯಬೇಕಾದವನೇ ಕತ್ತರಿ ಹಿಡಿದಿರುತ್ತಾನೆ. ಬೇರಿಂಗ್ ತನ್ನನ್ನು ತಾನೇ ಕತ್ತರಿಸಿಕೊಳ್ಳುವುದಿಲ್ಲವಷ್ಟೇ?

ಶಹಾಬಾದ್ ಫರಸಿ | ಸೋಮವಾರ, ಸಂಜೆ 6:02

ಮೇಡಂ, ಎಲ್ಲವನ್ನೂ ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಆದರೆ ಕೋಶ ಅಷ್ಟು ಜಾಣನಾಗಿದ್ದರೆ ಮತ್ತೆ ಕಟ್ಟಿಕೊಳ್ಳಬೇಕಿತ್ತಲ್ಲ? ಮುರಿದ ಮೂಳೆ ಆರು ವಾರದಲ್ಲಿ ಕೂಡುತ್ತದೆ. ನಮ್ಮ ಗಣಿಯ ಹುಡುಗರ ಮೊಣಕಾಲು ಎಷ್ಟು ವಿಶ್ರಾಂತಿ ಕೊಟ್ಟರೂ ಹಿಂದಿನಂತಾಗಲಿಲ್ಲ. ಹೋದದ್ದು ಹೋಯಿತು. ಇದನ್ನೇ ನಾನು ಸವೆತ ಎನ್ನುವುದು.

ಕೋಶಪಾಠ | ಸೋಮವಾರ, ರಾತ್ರಿ 9:15

ಇಲ್ಲಿ ನಾನು ಸೋತೆ ಅಣ್ಣನವರೇ, ಅರ್ಧ ಸೋತೆ ಎನ್ನಿ.

ಅಗ್ರಿಕ್ಯಾನ್ ಹಳೆಯದಾಗಿ ಹೊಸದು ಬರುತ್ತಲೇ ಇರುತ್ತದೆ. ಕೊಲಾಜನ್ ಬಲೆಯ ಕಥೆ ಬೇರೆ. 1950ರ ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ-14 ಏರಿತ್ತು. 1963ರ ಹೊತ್ತಿಗೆ ತುದಿ ಮುಟ್ಟಿ ಮತ್ತೆ ಇಳಿಯಿತು. ಆ ಕಾಲದಲ್ಲಿ ಬೆಳೆದವರ ಮೈಯಲ್ಲಿ ಯಾವ ಅಂಗ ಯಾವ ವರ್ಷ ಕಟ್ಟಲ್ಪಟ್ಟಿತು ಎಂಬ ಮೊಹರು ಹೀಗೆ ತಾನಾಗಿಯೇ ಬಿದ್ದಿದೆ. ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಮೊಣಕಾಲಿನ ಮೃದ್ವಸ್ಥಿಯ ಮೊಹರನ್ನು ಓದಿದಾಗ, ಅದರ ಕೊಲಾಜನ್ ಪ್ರಾಯಕ್ಕೆ ಬರುವ ಹೊತ್ತಿಗೇ ಕಟ್ಟಿ ಮುಗಿದಿತ್ತು, ಆಮೇಲೆ ಹೆಚ್ಚುಕಡಿಮೆ ಬದಲಾಗಿರಲಿಲ್ಲ. ಅಸ್ಥಿಸಂಧಿವಾತ ಇದ್ದವರಲ್ಲೂ ಅಷ್ಟೇ. ಅಂದರೆ ಕಾಳನ್ನು ಮತ್ತೆ ತುಂಬಬಹುದು, ಗೋಣಿ ಮಾತ್ರ ಹದಿಹರೆಯದಲ್ಲಿ ನೇಯ್ದದ್ದೇ. ಮೂಳೆಗೆ ರಕ್ತವಿದೆ, ರಿಪೇರಿಯ ಕೋಶಗಳು ಹರಿದು ಬರುತ್ತವೆ. ಇಲ್ಲಿ ಬರುವ ದಾರಿಯೇ ಇಲ್ಲ. ಮೃದ್ವಸ್ಥಿ ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲ ಎಂದು ವಿಲಿಯಂ ಹಂಟರ್ ಎಂಬ ಸ್ಕಾಟ್ಲೆಂಡಿನ ವೈದ್ಯ 1743ರಲ್ಲೇ ಬರೆದಿಟ್ಟಿದ್ದಾನೆ.

ಆದರೆ ನಿಮ್ಮ ಗಣಿಯ ಹುಡುಗರ ಮೊಣಕಾಲಿಗೆ ಬಿದ್ದದ್ದು ನಡಿಗೆಯ ಮಿಡಿತವಲ್ಲ. ಭಾರ ಹೊತ್ತು ಕುಕ್ಕರಿಸಿ ಏಳುವುದು, ಹೊತ್ತ ಕಲ್ಲಿನೊಂದಿಗೆ ಕಾಲು ತಿರುಚುವುದು, ಜಾರಿ ಬೀಳುವುದು. ಅದನ್ನು ಕಂಡು ಮನೆಯಂಗಳದಲ್ಲಿ ನಡೆಯುವುದಕ್ಕೂ ಹೆದರಿಸಿದರೆ ಲೆಕ್ಕ ತಪ್ಪುತ್ತದೆ. ನಿಮ್ಮೊಂದಿಗೆ ನನ್ನ ಜಗಳ ಅಷ್ಟೇ.

ಬಿದರಿ ಕುಸುರಿ | ಸೋಮವಾರ, ರಾತ್ರಿ 9:40

ಹಾಗಾದರೆ ನಮ್ಮಂತೆ ನಾಲ್ಕು ತಾಸು ಕದಲದೆ ಕೂರುವವರು?

ಕೋಶಪಾಠ | ಸೋಮವಾರ, ರಾತ್ರಿ 9:58

ನೀವು ಒತ್ತಿಟ್ಟ ಬಿಲ್ಲೆಗಳ ಸಾಲಿಗೆ ಹತ್ತಿರ. ಆರೋಗ್ಯವಂತರಿಂದ ಐವತ್ತು ಬೈಠಕ್ ತೆಗೆಸಿ ಎಂಆರ್‌ಐ ಮಾಡಿದಾಗ ಮೊಣಕಾಲು ಚಿಪ್ಪಿನ ಮೃದ್ವಸ್ಥಿಯ ಗಾತ್ರ ನೂರಕ್ಕೆ ಸುಮಾರು ಆರರಷ್ಟು ಇಳಿದಿತ್ತು. ನೀರು ಮರಳಿ ತುಂಬಿ ಮೊದಲಿನಂತಾಗಲು ಒಂದೂವರೆ ತಾಸಿಗೂ ಹೆಚ್ಚು ಬೇಕಾಯಿತು. ಹಿಂಡುವುದು ಬೇಗ, ತುಂಬುವುದು ತಡ. ಬೀಜಿಂಗ್‌ನ ಹಿರಿಯರನ್ನು ಕುರಿತ 2004ರ ಅಧ್ಯಯನದಲ್ಲಿ, ಯೌವನದಲ್ಲಿ ದಿನಕ್ಕೆ ಹೆಚ್ಚು ಹೊತ್ತು ಕುಕ್ಕರಗಾಲಿನಲ್ಲಿ ಕುಳಿತವರಿಗೆ ಮುಂದೆ ಮೊಣಕಾಲಿನ ಸಂಧಿವಾತ ಹೆಚ್ಚಾಗಿ ಕಂಡಿತ್ತು. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಭೀಮೆಯ ದಂಡೆ | ಮಂಗಳವಾರ, ಬೆಳಗ್ಗೆ 6:50

ಯಾದಗಿರಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಶಹಾಪುರ, ಸುರಪುರದ ಕಡೆ ಕಾಲುವೆ ನೀರು ಬಿಟ್ಟು ಭತ್ತದ ನಾಟಿ ಮುಗಿದ ಮೇಲೆ ನನ್ನ ಬಳಿಗೆ ಬರುವ ಹೆಂಗಸರ ಸಾಲು ಉದ್ದವಾಗುತ್ತದೆ. ಬಂದವರೆಲ್ಲ ಹೇಳುವುದು ಒಂದೇ ಮಾತು, "ಸವೆದಿದೆಯಂತೆ, ಇನ್ನೇನು ಮಾಡುವುದು?" ಆ ಪದ ಕೇಳಿದ ಕೂಡಲೇ ಜನ ಕಾಲನ್ನು ಬಳಸುವುದೇ ಬಿಡುತ್ತಾರೆ. ತೊಡೆಯ ಸ್ನಾಯು ಕರಗುತ್ತದೆ. ಆ ಸ್ನಾಯುವೇ ಹೆಜ್ಜೆಯ ಹೊಡೆತ ಹೀರುವುದು. ಅದು ಹೋದ ಮೇಲೆ ಹೊಡೆತ ನೇರವಾಗಿ ಮೊಣಕಾಲಿಗೇ ಬೀಳುತ್ತದೆ. ಮೇಡಂ ಹೇಳಿದ ಜೋರು ಬಾಗಿಲನ್ನು ನಾವೇ ತೆರೆದಂತೆ.

ಚಿತ್ತಾಪುರದ ಅಣ್ಣ, ಅವ್ವನಿಗಾಗಿ ಒಂದಿಷ್ಟು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ, ಎರಡು ಮೂಳೆಗಳ ನಡುವಿನ ಸಂದಷ್ಟೇ ಕಾಣುತ್ತದೆ. ಸಂದು ಕಿರಿದಾಗಿದ್ದೂ ಓಡಾಡಿಕೊಂಡಿರುವವರು ಇದ್ದಾರೆ, ಸಂದು ಚೆನ್ನಾಗಿದ್ದೂ ನರಳುವವರು ಇದ್ದಾರೆ. ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ, ಬೇಕಾದರೆ ಕೈ ಊರಿಕೊಂಡು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ ಐದು ಎಣಿಸುವಷ್ಟು ಹಿಡಿದು ಇಳಿಸುವುದು. ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷದ ನಡಿಗೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡೆಯುವಾಗ ತುಸು ನೋವಾದರೆ ಹೆದರಬೇಡಿ. ಮರುದಿನ ಬೆಳಗ್ಗೆ ನೋವು ಹೆಚ್ಚಿದ್ದರೆ ಅರ್ಧ ಮಾಡಿ. ಬಾವು ಬಂದರೆ, ಬಿಸಿಯಾದರೆ, ಮಡಚಿದ ಕಾಲು ಸಿಕ್ಕಿಕೊಂಡು ಬಿಡಿಸಲು ಬಾರದಿದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಮೈ ಭಾರವಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ಕಿಲೋ ಇಳಿದರೆ ಹೆಜ್ಜೆಯೊಂದಕ್ಕೆ ಮೊಣಕಾಲಿನ ಮೇಲೆ ನಾಲ್ಕು ಕಿಲೋ ಹೊರೆ ಇಳಿಯುತ್ತದೆ ಎಂದು 2005ರಲ್ಲಿ ಅಳೆದು ತೋರಿಸಿದ್ದಾರೆ.

ಪುಡಿಯ ಬಗ್ಗೆ: ಡಬ್ಬಿಯ ಮೇಲೆ ಗ್ಲೂಕೋಸಮೈನ್, ಕಾಂಡ್ರಾಯ್ಟಿನ್ ಎಂದಿದೆಯೇ ನೋಡಿ. ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಒಟ್ಟಾರೆಯಾಗಿ ಅವು ಔಷಧವೇ ಇಲ್ಲದ ಸಪ್ಪೆ ಗುಳಿಗೆಗಿಂತ ಮೇಲು ಎಂದು ತೋರಲಿಲ್ಲ. ಆ ದುಡ್ಡಿಗೆ ಹಿಡಿಕೆಯಿರುವ ಒಂದು ಒಳ್ಳೆಯ ಕುರ್ಚಿ ಬರುತ್ತದೆ.

ಚಿತ್ತಾಪುರದವನು | ಮುಂದಿನ ಭಾನುವಾರ, ಸಂಜೆ 5:30

ಎಲ್ಲರಿಗೂ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ.

ಮೇಡಂ ಬರೆದ ಕೌದಿಯ ಮಾತನ್ನು ಅವ್ವನಿಗೆ ಓದಿ ಹೇಳಿದೆ. ಬಾಗಿಲು, ಕ್ಯಾಲ್ಸಿಯಂ ಇವುಗಳಿಗೆ ಹ್ಞೂಂ ಎನ್ನುತ್ತ ಕುಳಿತವಳು ಕೌದಿ ಬಂದ ಕೂಡಲೇ ಎದ್ದು ಕುಳಿತಳು. "ಒಂದೇ ಕಡೆ ನಿಂತುಬಿಟ್ಟರೆ ಕೊಳೆ ಹೋಗುವುದಿಲ್ಲ ಬಿಡು, ಕಾಲು ಬದಲಿಸುತ್ತಲೇ ಇರಬೇಕು" ಎಂದಳು. ಕಾಕಾ ಏನೋ ಹೇಳಲು ಬಾಯಿ ತೆರೆದರು, ಅವ್ವ ಅವರ ಕಡೆ ನೋಡಲಿಲ್ಲ. ಐದು ದಿನದಿಂದ ಹನುಮಪ್ಪನ ಗುಡಿಯವರೆಗೆ ಹೋಗಿಬರುತ್ತಿದ್ದಾಳೆ. ನೋವು ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ಇನ್ನೂ ಮುಖ ಕಿವಿಚುತ್ತಾಳೆ.

ದೊಡ್ಡ ಜಗಳ ನಡೆದಿರುವುದು ರೊಟ್ಟಿಯ ಮೇಲೆ. ಗ್ಯಾಸ್ ಒಲೆಯನ್ನು ಕಟ್ಟೆಯ ಮೇಲಿಟ್ಟು ನಿಂತು ತಟ್ಟುವ ಹಾಗೆ ಮಾಡಿಕೊಟ್ಟೆ. ರೊಟ್ಟಿ ಅಂಚಿನಲ್ಲಿ ದಪ್ಪವಾಗುತ್ತಿದೆ, ತಟ್ಟುವ ಕೈಗೆ ಮೈಯ ಭಾರ ಬರುವುದಿಲ್ಲ, ಇದೇನು ರೊಟ್ಟಿಯೋ ಬೆರಣಿಯೋ ಎಂದು ದಿನಾ ತಕರಾರು. ಅಳೆದು ನೋಡಿದೆ. ಅವಳ ಎತ್ತರಕ್ಕೆ ಕಟ್ಟೆ ಎರಡು ಇಂಚು ಹೆಚ್ಚಾಗಿದೆ. ಶಹಾಬಾದ್ ಅಣ್ಣಾ, ಅವಳು ನಿಲ್ಲುವ ಜಾಗಕ್ಕೆ ಹಾಸಲು ಎರಡು ಇಂಚು ದಪ್ಪದ ಫರಸಿ ಸಿಕ್ಕೀತೇ? ಪಾಲಿಶ್ ಇಲ್ಲದ್ದು ಬೇಕು, ಜಾರಬಾರದು.

ಶಹಾಬಾದ್ ಫರಸಿ | ಸಂಜೆ 5:41

ಉದ್ದ, ಅಗಲ ಕಳುಹಿಸು ತಮ್ಮಾ. ಅಗಲ ತುಸು ಹೆಚ್ಚೇ ಇರಲಿ, ಅವ್ವ ಕಾಲು ಬದಲಿಸಬೇಕಲ್ಲ.